ಡಚ್ ಸಮಾಸಪದ: ಎಲ್ಲಿ ಬಿಡಿಸಬೇಕು, ಎಲ್ಲಿ ಒತ್ತಬೇಕು

ಡಚ್ಚಿನಲ್ಲಿ ಸಮಾಸಪದವನ್ನು ಸಾಮಾನ್ಯವಾಗಿ ನಡುವೆ ಜಾಗ ಬಿಡದೆ ಒಂದೇ ಪದವಾಗಿ ಬರೆಯುತ್ತಾರೆ. ಓದುವವರು ಮೊದಲು ಕೀಲು, ಅಂದರೆ ಎರಡು ಪದ ಸೇರುವ ಜಾಗ, ಹುಡುಕಬೇಕು. ಬಿಡಿಪದದಲ್ಲಿ ಎರಡು ಸ್ವರಗಳ ನಡುವಿನ ಒಂಟಿ ವ್ಯಂಜನ ಮುಂದಿನ ಸ್ವರಕ್ಕೆ ಸೇರುತ್ತದೆ: ವಾ-ಟರ್ (ನೀರು), ಕಾ-ಮರ್ (ಕೋಣೆ). ಸಮಾಸದ ಕೀಲಿನಲ್ಲಿ ಇದು ನಡೆಯುವುದಿಲ್ಲ. ಹೌಸ್ (ಮನೆ), ಆರ್ಟ್ಸ್ (ವೈದ್ಯ) ಸೇರಿದರೆ ಹೌಸ್-ಆರ್ಟ್ಸ್, ಅಂದರೆ ಕುಟುಂಬ ವೈದ್ಯ. ಹೌ-ಸಾರ್ಟ್ಸ್ ಎಂದು ಬಿಡಿಸಿದರೆ ತಪ್ಪು. ಕನ್ನಡ ಲಿಪಿಯಲ್ಲಿ ನೋಟ್ಸ್ ಬರೆದುಕೊಳ್ಳುವವರು ಎಚ್ಚರ: ಸ್, ಆ ಅಕ್ಕಪಕ್ಕ ಬಂದರೆ ನಮ್ಮ ಕೈ ತಾನಾಗಿ 'ಸಾ' ಬರೆದುಬಿಡುತ್ತದೆ. ಅಡ್ಡಗೆರೆ ಹಾಕಿಯೇ ಬರೆಯಿರಿ.

ಇನ್ನು ಸಂಧಿ. ವಾಕ್+ಈಶ ಸೇರಿ ವಾಗೀಶ ಆಗುವ ಜಶ್ತ್ವ ಸಂಧಿಯನ್ನು ಶಾಲೆಯಲ್ಲೇ ಕಲಿತಿದ್ದೇವೆ. ಡಚ್ಚಿನದು ಇದಕ್ಕೆ ತದ್ವಿರುದ್ಧ ದಾರಿ. ಪದದ ಕೊನೆಯಲ್ಲಿ ಡ್ ಎಂದು ಬರೆದರೂ ಟ್ ಎಂದು ಉಚ್ಚರಿಸುತ್ತಾರೆ, ಮುಂದೆ ಸ್ವರದಿಂದ ಶುರುವಾಗುವ ಪದ ಸೇರಿದರೂ ಅಷ್ಟೇ. ಹಂಡ್ (ಕೈ), ಅಪಲ್ (ಸೇಬು) ಸೇರಿದರೆ ಹಂಟ್-ಅಪಲ್, ಬೇಯಿಸದೆ ಹಾಗೇ ತಿನ್ನುವ ಸೇಬು. ಆದರೆ ಆಲೂಗಡ್ಡೆಯ ಹೆಸರಾದ ಆರ್ಡಪಲ್ (ಆರ್ಡ್ ಎಂದರೆ ನೆಲ) ಈ ನಿಯಮಕ್ಕೆ ಬಗ್ಗುವುದಿಲ್ಲ. ಡ್ ಹಾಗೇ ಉಳಿದು ಮುಂದಿನ ಸ್ವರಕ್ಕೆ ಅಂಟುತ್ತದೆ: ಆರ್-ಡ-ಪಲ್. ಬಳಸಿ ಬಳಸಿ ಮಾತಿನಲ್ಲಿ ಕೀಲೇ ಮುಚ್ಚಿಹೋಗಿದೆ. ಬರಹ ಮಾತ್ರ ಹಳೆಯ ಕೀಲನ್ನು ಬಿಟ್ಟಿಲ್ಲ. ಸಾಲಿನ ಕೊನೆಯಲ್ಲಿ ಪದ ತುಂಡಾಗುವುದು ಆರ್ಡ್ ಆದ ಮೇಲೆಯೇ. ಪಟ್ಟಿಗಟ್ಟಲೆ ಪದ ಉರುಹೊಡೆಯುವ ಬದಲು ಈ ಎರಡು ಸೇಬುಗಳನ್ನು ಬಾಯಲ್ಲಿ ಹೇಳಿ ಅಭ್ಯಾಸ ಮಾಡುವುದು ಮೇಲು.

ಒತ್ತು, ಅಂದರೆ ಉಚ್ಚರಿಸುವಾಗ ಹಾಕುವ ಬಲ, ಸಾಮಾನ್ಯವಾಗಿ ಸಮಾಸದ ಮೊದಲ ಘಟಕಕ್ಕೆ (ಮೊದಲ ಪದಕ್ಕೆ). ಮೊದಲ ಉಚ್ಚಾರಾಂಶಕ್ಕೆ ಎಂದು ತಿಳಿಯಬೇಡಿ. ಕಂಪನಿ ವೈದ್ಯರಿಗೆ ಬೆ-ಡ್ರೈಫ್ಸ್-ಆರ್ಟ್ಸ್ ಅನ್ನುತ್ತಾರೆ; ಒತ್ತು ಡ್ರೈಫ್ಸ್ ಮೇಲೆ, ಏಕೆಂದರೆ ಬೆಡ್ರೈಫ್ (ಉದ್ಯಮ) ಒಂಟಿಯಾಗಿದ್ದಾಗಲೂ ಒತ್ತು ಅಲ್ಲೇ. ಕೀಲಿಗೆ ಹಾಕಿದ ಸ್ ಎಡಗಡೆಯ ಘಟಕಕ್ಕೆ ಸೇರಿದ್ದು. ಎರಡನೆಯ ಘಟಕದ ಒತ್ತು ತಗ್ಗುತ್ತದೆಯೇ ಹೊರತು ಅಳಿಯುವುದಿಲ್ಲ.

ಅಪವಾದಗಳೂ ಇವೆ. ನಗರಾಡಳಿತದ ಕಟ್ಟಡವಾದ ಸ್ಟಟ್-ಹೌಸ್‌ನಲ್ಲಿ ಒತ್ತು ಹೌಸ್ ಮೇಲೆ. ಆಮ್ಸ್ಟಲ್, ರೊಟ್ಟೆ ನದಿಗಳಿಗೆ ಕಟ್ಟಿದ ಒಡ್ಡುಗಳಿಂದ ಹೆಸರು ಪಡೆದ ಆಮ್ಸ್ಟರ್ಡಾಮ್, ರೊಟರ್ಡಾಮ್‌ಗಳಲ್ಲೂ ಒತ್ತು ಕೊನೆಯ ಡಾಮ್ ಮೇಲೆಯೇ. ಇವನ್ನು ಕೇಳಿಯೇ ಕಲಿಯಬೇಕು. ಕೆಲವೆಡೆ ಒತ್ತು ಬದಲಾದರೆ ಅರ್ಥವೂ ಬದಲು: ಫೋರ್-ನಾಮ್ ಎಂಬಲ್ಲಿ ಫೋರ್ ಒತ್ತಿದರೆ ಮನೆತನದ ಹೆಸರಲ್ಲದ ಸ್ವಂತ ಹೆಸರು, ನಾಮ್ ಒತ್ತಿದರೆ 'ಗಣ್ಯ' ಎಂಬ ವಿಶೇಷಣ.