ವಿಮಾನದ ಯಾಕೊವ್ಲೆವ್, ಪೆರೆಸ್ಟ್ರೋಯಿಕಾದ ಯಾಕೊವ್ಲೆವ್: ಇಬ್ಬರೂ ಒಬ್ಬರೇನಾ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ 'ಯಾಕ್' ಯುದ್ಧವಿಮಾನ ಮಾಡಿದ ಅಲೆಕ್ಸಾಂಡರ್ ಯಾಕೊವ್ಲೆವ್ ಅವರೇ ಮುಂದೆ ಪೆರೆಸ್ಟ್ರೋಯಿಕಾ, ಅಂದರೆ ಸೋವಿಯತ್ ವ್ಯವಸ್ಥೆಯ ಸುಧಾರಣೆಗೆ ಕೈಹಾಕಿದ ಸೋವಿಯತ್ ನಾಯಕ ಗೋರ್ಬಚೆವ್ ಅವರ ಬಲಗೈ ಆದದ್ದಾ? ಅಥವಾ ಅದು ಅವರ ಮಗನಾ?

ಉತ್ತರ: ಅವರೂ ಅಲ್ಲ, ಅವರ ಮಗನೂ ಅಲ್ಲ. ಈ ಒಂದು ಸಾಲನ್ನು ಎಷ್ಟು ಜನಕ್ಕೆ ಬರೆದರೂ ಪ್ರಶ್ನೆ ಮಾತ್ರ ನಿಲ್ಲುತ್ತಿಲ್ಲ. ಹಾಗಾಗಿ ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ರಷ್ಯನ್ನರ ಹೆಸರಿಗೆ ಮೂರು ಭಾಗ. ನಡುವಿನದು ಅಪ್ಪನ ಹೆಸರು. ನಾವು ಪತ್ರಿಕೆಯಲ್ಲಿ ಬರೆಯುವಾಗ ಆ ನಡುವಿನದನ್ನೇ ಬಿಟ್ಟುಬಿಡುತ್ತೇವೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಇನಿಷಿಯಲ್ ಅಳಿಸಿಹಾಕಿ ಯಾವ ಮಂಜುನಾಥ ಯಾರ ಮಗ ಎಂದು ಹುಡುಕಿದ ಹಾಗಾಗುತ್ತದೆ. ವಿಮಾನದವರು ಅಲೆಕ್ಸಾಂಡರ್ ಸೆರ್ಗೆಯೆವಿಚ್, ಅಂದರೆ ಸೆರ್ಗೆಯ ಮಗ. 1906ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ರಾಜಕಾರಣದವರು ಅಲೆಕ್ಸಾಂಡರ್ ನಿಕೊಲಾಯೆವಿಚ್, ನಿಕೊಲಾಯ್ ಮಗ. 1923ರಲ್ಲಿ ಯಾರೋಸ್ಲಾವ್ಲ್ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು. ಎರಡನೆಯವರು ಮೊದಲಿನವರ ಮಗನೇ ಆಗಿದ್ದರೆ ನಡುವಿನ ಹೆಸರು 'ಅಲೆಕ್ಸಾಂಡ್ರೊವಿಚ್' ಎಂದಿರಬೇಕಿತ್ತು. ಅಪ್ಪಂದಿರ ಹೆಸರೇ ಬೇರೆಯಾದ ಮೇಲೆ ಒಡಹುಟ್ಟಿದವರು ಎಂಬ ಮಾತೂ ಬಿದ್ದುಹೋಯಿತು.

ಇಷ್ಟಾದರೂ ಕೆಲವರು ಪಟ್ಟು ಬಿಡುವುದಿಲ್ಲ. 'ವಿಮಾನದ ಯಾಕೊವ್ಲೆವ್ ಸ್ಟಾಲಿನ್ ಕಾಲದಲ್ಲೇ ಸರ್ಕಾರದಲ್ಲಿದ್ದರಲ್ಲ, ಹಾಗೇ ಮುಂದುವರಿದು ಮೇಲೆ ಹೋಗಿರಬೇಕು' ಎಂದು ವಾದಿಸುತ್ತಾರೆ. ಸರ್ಕಾರದಲ್ಲಿದ್ದದ್ದು ನಿಜ. 1940ರಲ್ಲಿ, ಮೂವತ್ತನಾಲ್ಕೂ ತುಂಬುವ ಮೊದಲೇ, ವಿಮಾನ ಉದ್ಯಮ ಖಾತೆಯ ಉಪಮಂತ್ರಿಯ ದರ್ಜೆಗೆ ಏರಿದ್ದರು. ಆದರೆ ಅವರ ಜೀವ ಇದ್ದದ್ದು ನಕ್ಷೆಯ ಹಲಗೆಯ ಮೇಲೆ. ಯಾಕ್-9 ಒಂದೇ ಹದಿನಾರು ಸಾವಿರಕ್ಕೂ ಹೆಚ್ಚು ತಯಾರಾಯಿತು. ಆಮೇಲೆ ಯಾಕ್-40 ಎಂಬ ಪುಟ್ಟ ಪ್ರಯಾಣಿಕ ಜೆಟ್ ಕೂಡ ಅವರ ಸಂಸ್ಥೆಯಿಂದಲೇ ಬಂತು. 1989ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಈಗ ಇನ್ನೊಬ್ಬರನ್ನು ನೋಡಿ. ಯುದ್ಧಕ್ಕೆ ಹೋದಾಗ ಅವರು ಇನ್ನೂ ಎಳೆಯ ಹುಡುಗ. 1942ರಲ್ಲಿ ವೋಲ್ಖೊವ್ ರಣರಂಗದಲ್ಲಿ ತೀವ್ರವಾಗಿ ಗಾಯಗೊಂಡು ಜೀವನಪೂರ್ತಿ ಕುಂಟಿದರು. ಕಮ್ಯುನಿಸ್ಟ್ ಪಕ್ಷದೊಳಗೆ ಬೆಳೆದರು, ಉಗ್ರ ರಾಷ್ಟ್ರವಾದದ ವಿರುದ್ಧ ಲೇಖನ ಬರೆದದ್ದಕ್ಕೆ ಕೆನಡಾಕ್ಕೆ ರಾಯಭಾರಿಯಾಗಿ ಸಾಗಹಾಕಿಸಿಕೊಂಡು ಹತ್ತು ವರ್ಷ ಅಲ್ಲಿದ್ದರು. 1983ರಲ್ಲಿ ಅಲ್ಲಿಗೆ ಬಂದ ಗೋರ್ಬಚೆವ್ ಜೊತೆ ಮಾತು ಕೂಡಿತು, 1987ರ ಹೊತ್ತಿಗೆ ಪಕ್ಷದ ಅತ್ಯುನ್ನತ ಸಮಿತಿಯಾದ ಪಾಲಿಟ್‌ಬ್ಯೂರೋದಲ್ಲಿದ್ದರು. 1989ರ ಡಿಸೆಂಬರ್‌ನಲ್ಲಿ ಜನಪ್ರತಿನಿಧಿಗಳ ಕಾಂಗ್ರೆಸ್ ಮುಂದೆ ನಿಂತು, 1939ರಲ್ಲಿ ಸ್ಟಾಲಿನ್ ಮತ್ತು ಹಿಟ್ಲರ್ ಸರ್ಕಾರಗಳ ನಡುವೆ ಗುಟ್ಟಿನ ಕರಾರು ಆಗಿದ್ದು ಸತ್ಯ ಎಂದು ವರದಿ ಒಪ್ಪಿಸಿದರು. ಆ ಹೊತ್ತಿಗೆ ವಿಮಾನದ ಯಾಕೊವ್ಲೆವ್ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಇಬ್ಬರೂ ಒಬ್ಬರೇ ಎನ್ನುವವರು ದಯವಿಟ್ಟು ಈ ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರಾಜಕಾರಣಿ ಯಾಕೊವ್ಲೆವ್ ಬದುಕಿದ್ದು 2005ರವರೆಗೆ.

ನನಗೆ ಬೇಸರವಾಗುವುದು ಗೊಂದಲಕ್ಕಲ್ಲ. ಇಬ್ಬರನ್ನೂ ಒಬ್ಬರನ್ನಾಗಿ ಮಾಡಿದರೆ ಅವರ ಬದುಕುಗಳು ನಿಜವಾಗಿ ಎಲ್ಲಿ ಹಾದುಹೋದವು ಎಂಬುದೇ ಮರೆಯಾಗುತ್ತದೆ. ಆ 1939ರ ಒಪ್ಪಂದದ ಬೆನ್ನಿಗೇ ಜರ್ಮನಿಗೆ ಹೋಗಿ ಅಲ್ಲಿನ ವಿಮಾನಗಳನ್ನು ಮುಟ್ಟಿ ನೋಡಿಬಂದ ಸೋವಿಯತ್ ನಿಯೋಗದಲ್ಲಿ ಇದ್ದವರು ಸೆರ್ಗೆಯೆವಿಚ್. ಅದರ ಗುಟ್ಟು ಬಿಚ್ಚಿದವರು ನಿಕೊಲಾಯೆವಿಚ್.

ಇನ್ನೊಂದಿದೆ. ಇಪ್ಪತ್ತೊಂದರ ಹರೆಯದಲ್ಲಿ ವಿಮಾನದ ಯಾಕೊವ್ಲೆವ್ ಕಟ್ಟಿದ ಎರಡು ಸೀಟಿನ ಹಗುರ ವಿಮಾನ 1927ರಲ್ಲಿ ಹಾರಿತು. ಅದರ ಹೆಸರು ಎಐಆರ್-1. ಆಗ ಸರ್ಕಾರದ ಮುಖ್ಯಸ್ಥರಾಗಿದ್ದ ಅಲೆಕ್ಸಿ ಇವಾನೊವಿಚ್ ರಿಕೊವ್ ಅವರ ಹೆಸರಿನ ಮೊದಲಕ್ಷರಗಳು ಅವು. ಮುಂದಿನ ವಿಮಾನಗಳಿಗೂ ಅದೇ ಹೆಸರು ನಡೆಯಿತು. ಸ್ಟಾಲಿನ್ ರಿಕೊವ್‌ರನ್ನು ಬಂಧಿಸಿ 1938ರಲ್ಲಿ ಗುಂಡಿಕ್ಕಿ ಕೊಲ್ಲಿಸಿದಾಗ ವಿಮಾನಗಳ ಮೇಲಿನ ಆ ಮೂರಕ್ಷರವೂ ಅಳಿಸಿಹೋದವು. 1988ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ರಿಕೊವ್ ನಿರ್ದೋಷಿ ಎಂದಿತು. ಅಂಥ ಹಳೆಯ ಪ್ರಕರಣಗಳನ್ನು ಕೆದಕಿದ ಪಾಲಿಟ್‌ಬ್ಯೂರೋ ಆಯೋಗದಲ್ಲಿ ರಾಜಕಾರಣಿ ಯಾಕೊವ್ಲೆವ್ ಸದಸ್ಯರು, ಅದೇ ವರ್ಷ ಅಧ್ಯಕ್ಷರೂ ಆದರು. ತನ್ನ ಮೊದಲ ವಿಮಾನದ ಹೆಸರಿಗೆ ಅಂಟಿದ ಕಳಂಕ ತೊಳೆದುಹೋದದ್ದನ್ನು ನೋಡಲು ಎಂಬತ್ತು ದಾಟಿದ್ದ ಸೆರ್ಗೆಯೆವಿಚ್ ಇನ್ನೂ ಬದುಕಿದ್ದರು.

ಈ ಗೊಂದಲಕ್ಕೆ ಮಿಕೊಯಾನ್ ಹೆಸರೂ ಒಂದು ಕಾರಣ ಎಂದು ನನ್ನ ಅಂದಾಜು. ಅಲ್ಲಿ ಮಾತ್ರ ರಕ್ತಸಂಬಂಧ ನಿಜ. ಕ್ರೆಮ್ಲಿನ್‌ನಲ್ಲಿ ದಶಕಗಟ್ಟಲೆ ಉಳಿದ ಅನಸ್ತಾಸ್ ಮಿಕೊಯಾನ್ ಅಣ್ಣ, ಮಿಗ್ ವಿಮಾನದ ಅರ್ತ್ಯೋಮ್ ಮಿಕೊಯಾನ್ ತಮ್ಮ. ಹತ್ತು ವರ್ಷದ ಅಂತರ, ಊರು ಸನಾಹಿನ್. ಹುಟ್ಟಿನಿಂದ ಅವರು ರಷ್ಯನ್ನರಲ್ಲ, ಅರ್ಮೇನಿಯದವರು. ಅದನ್ನೂ ನಾವು ಮರೆಯುತ್ತೇವೆ.

ಮಿಗ್ ನಮಗೆ ಗೊತ್ತು, ಯಾಕ್‌ಗೂ ನಮಗೂ ಏನಾದರೂ ನಂಟಿದೆಯೇ ಎಂದು ಯಾರೂ ಕೇಳಿಲ್ಲ. ಕೇಳಬೇಕಿತ್ತು, ಏಕೆಂದರೆ ಉತ್ತರ ಕಾರವಾರದಲ್ಲಿದೆ. ಅಲ್ಲಿನ ಕದಂಬ ನೌಕಾನೆಲೆಯ ವಿಕ್ರಮಾದಿತ್ಯ ಎಂಬ ವಿಮಾನವಾಹಕ ಹಡಗು ಹಿಂದೆ ಸೋವಿಯತ್ ನೌಕಾಪಡೆಯ 'ಬಾಕು'. ಅದರ ಮೇಲೆ ಇದ್ದದ್ದು ನಿಂತಲ್ಲಿಂದಲೇ ನೆಟ್ಟಗೆ ಮೇಲೇಳುವ ಯಾಕ್-38. ಹಡಗಿಗೆ 'ಅಡ್ಮಿರಲ್ ಗೋರ್ಶ್‌ಕೊವ್' ಎಂದು ಹೆಸರು ಬದಲಾದ ಮೇಲೆ, 1991ರ ಅಕ್ಟೋಬರ್‌ನಲ್ಲಿ, ಯಾಕ್-141 ಎಂಬ ಹೊಸ ವಿಮಾನ ಇಳಿಯುವಾಗ ಡೆಕ್‌ಗೆ ಅಪ್ಪಳಿಸಿ ಹೊತ್ತಿಕೊಂಡಿತು. ಪೈಲಟ್ ಸೀಟ್ ಸಮೇತ ಹಾರಿ ಜೀವ ಉಳಿಸಿಕೊಂಡರು. ನೆಟ್ಟಗೇಳುವ ವಿಮಾನಕ್ಕೆ ಉದ್ದ ಓಡುದಾರಿ ಬೇಡ, ಹಾಗಾಗಿ ಹಡಗಿನ ಮುಂಭಾಗದಲ್ಲಿ ಕ್ಷಿಪಣಿಗಳನ್ನು ಕೂರಿಸಿದ್ದರು. ಭಾರತಕ್ಕಾಗಿ ಅವನ್ನೆಲ್ಲ ಕಿತ್ತು, ಮೂತಿಯಲ್ಲಿ ಮೇಲಕ್ಕೆ ಬಾಗಿದ ಜಾರುದಾರಿ ಕಟ್ಟಿದರು. 2013ರಲ್ಲಿ ನೌಕಾಪಡೆ ಸೇರಿದ ಆ ಹಡಗಿನಿಂದ ಹಾರುವುದು ಮಿಗ್-29ಕೆ.