ಹೊಗಳಿದ್ದು ಯಾವುದನ್ನು?

ಹೆಂಗಸು ಬರೆದ ಕಾದಂಬರಿಯ ವಿಮರ್ಶೆಯಲ್ಲಿ ಲೇಖಕಿಗೆ ನ್ಯಾಯ ಸಿಕ್ಕಿಲ್ಲ ಎಂದು ವಿಮರ್ಶಕರಿಗೆ ಹೇಳಿ ನೋಡಿ. ‘ಹೊಗಳಿಯೇ ಬರೆದಿದ್ದೇನಲ್ಲ!’ ಎಂಬ ಉತ್ತರ ಬಾಯಲ್ಲೇ ಇರುತ್ತದೆ. ಸ್ವಾಮಿ, ತಕರಾರು ಇರುವುದೇ ಆ ಹೊಗಳಿಕೆಯ ಮೇಲೆ.

ನಿಮ್ಮ ಮೇಜಿಗೆ ಬಂದ ವಿಮರ್ಶೆಯ ಕರಡಿನ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ಕಾದಂಬರಿಕಾರ ಗಂಡಸಾದರೆ ‘ಕಟ್ಟುತ್ತಾರೆ’, ‘ಶೋಧಿಸುತ್ತಾರೆ’. ಹೆಂಗಸಾದರೆ ‘ತೋಡಿಕೊಂಡಿದ್ದಾರೆ’, ‘ಹಂಚಿಕೊಂಡಿದ್ದಾರೆ’. ಅಲ್ಲಿ ಕಸುಬು, ಇಲ್ಲಿ ಅಳಲು. ಆಮೇಲೆ ವಾಕ್ಯಗಳನ್ನು ಎಣಿಸಿ: ಕಥಾಸಾರಕ್ಕೆ ಎಷ್ಟು, ಲೇಖಕಿಯ ಬದುಕಿಗೆ ಎಷ್ಟು, ನಿರೂಪಕರ ಆಯ್ಕೆ, ಕಾಲದ ಜೋಡಣೆ, ಸಂಭಾಷಣೆ, ಗದ್ಯದ ಲಯ ಇವುಗಳಿಗೆ ಎಷ್ಟು? 20 ವಾಕ್ಯಗಳಲ್ಲಿ ಈ ಕೊನೆಯದಕ್ಕೆ 4 ಕೂಡ ದಕ್ಕದಿದ್ದರೆ ಅದನ್ನು ವಿಮರ್ಶೆ ಎನ್ನಲು ನನಗೆ ಸಂಕೋಚ. ಲೇಖಕಿಯ ಜಾಗದಲ್ಲಿ ಗಂಡಸಿನ ಹೆಸರಿಟ್ಟು ವಿಮರ್ಶೆಯನ್ನು ಓದಿನೋಡುವ ಪರೀಕ್ಷೆಯೊಂದೇ ಸಾಲದು. ಅದು ಬರೆದದ್ದರ ತಪ್ಪನ್ನು ಹಿಡಿಯುತ್ತದೆ, ಬರೆಯದೇ ಬಿಟ್ಟದ್ದನ್ನು ಹಿಡಿಯುವುದಿಲ್ಲ.

ಇದು ಹಳೇ ಚಾಳಿ. 1847ರಲ್ಲಿ ‘ಕರರ್ ಬೆಲ್’ ಎಂಬ ಹೆಸರಿನಲ್ಲಿ ‘ಜೇನ್ ಐರ್’ ಕಾದಂಬರಿ ಬಂದಾಗ ಇಂಗ್ಲಿಷ್ ವಿಮರ್ಶಕ ಜಿ.ಎಚ್. ಲೂಯಿಸ್ ಮನಸಾರೆ ಮೆಚ್ಚಿದ. ಮೆಚ್ಚುತ್ತಲೇ, ಘಟನೆಗಳಲ್ಲಿ ಅಲ್ಲದಿದ್ದರೂ ಅನುಭವಿಸಿದ ನೋವಿನಲ್ಲಿ ಇದು ಆತ್ಮಕಥೆಯೇ ಎಂದ. ತನ್ನನ್ನು ಹೆಂಗಸೆಂದು ಎಣಿಸದಿದ್ದರೆ ಚೆನ್ನಾಗಿತ್ತು ಎಂದು ಆ ಹೆಸರಿನ ಹಿಂದಿದ್ದ ಲೇಖಕಿ ಷಾರ್ಲೆಟ್ ಬ್ರಾಂಟೆ 1849ರಲ್ಲಿ ಅವನಿಗೇ ಬರೆದಳು. 1850ರಲ್ಲಿ ಆಕೆಯ ‘ಶರ್ಲಿ’ ಕಾದಂಬರಿಯ ವಿಮರ್ಶೆಯನ್ನು ಆತ ಹೆಂಗಸರ ಬುದ್ಧಿಶಕ್ತಿಯ ಜಿಜ್ಞಾಸೆಯಿಂದಲೇ ಶುರುಮಾಡಿದ! ಶತ್ರುಗಳಿಂದ ನಾನೇ ಹುಷಾರಾಗಿರಬಲ್ಲೆ, ಮಿತ್ರರಿಂದ ದೇವರೇ ಕಾಪಾಡಬೇಕು ಎಂಬುದು ಆಕೆಯ ಉತ್ತರ. (ಇದೇ ಲೂಯಿಸ್ ಮುಂದೆ, ಗಂಡಸಿನ ಹೆಸರಿನಲ್ಲಿ ಬರೆದ ಕಾದಂಬರಿಕಾರ್ತಿ ಜಾರ್ಜ್ ಎಲಿಯಟ್‌ಳ ಬಾಳಸಂಗಾತಿಯಾದ, ಆಕೆಯ ಬರವಣಿಗೆಗೆ ಬೆನ್ನೆಲುಬಾಗಿಯೂ ನಿಂತ. ಮನುಷ್ಯರು ಅಷ್ಟು ಸರಳವಲ್ಲ.)

ಹೋಲಿಕೆಗೆ ಎಳೆದುತಂದ ಹೆಸರುಗಳನ್ನೂ ನೋಡಿ. ಎಲ್ಲವೂ ಹೆಂಗಸರದೇ ಆಗಿದ್ದರೆ ಲೇಖಕಿಗೆ ಬೇರೆ ಪಂಕ್ತಿ ಹಾಕಿದಂತಾಯಿತು. ಸಂಬಂಧವೇ ಇಲ್ಲದ ಮೂವರು ಲೇಖಕಿಯರನ್ನು ಒಂದೇ ಲೇಖನದಲ್ಲಿ ಮುಗಿಸುವುದೂ ಅದೇ ಜಾತಿಯದು. ‘ಓದಿಸಿಕೊಂಡು ಹೋಗುತ್ತದೆ’ ಎಂಬುದನ್ನು ಕೊಂಚ ಮೂಗು ಮುರಿದೇ ಬರೆದಿರುತ್ತಾರೆ. ಓದಿಸಿಕೊಳ್ಳುವ ಗದ್ಯ ಬರೆಯುವುದು ಎಷ್ಟು ಕಷ್ಟ ಎಂಬುದು ಇವರಿಗೆ ಹೊಳೆದಂತಿಲ್ಲ.

ಹಾಗೆಂದು ಕಟುವಾದ ಮಾತೆಲ್ಲ ಪೂರ್ವಗ್ರಹವಲ್ಲ, ಲೇಖಕಿಯ ಬದುಕಿನ ಪ್ರಸ್ತಾಪವೆಲ್ಲ ಅಪರಾಧವೂ ಅಲ್ಲ. ರಿಯಾಯಿತಿಯೂ ಅವಮಾನವೇ. ಲೇಖಕಿಯ ಪ್ರತಿಭೆ ಸೊನ್ನೆಯಾಗಿದ್ದರೆ ಪತ್ರಿಕೆಗಳ ಮೆಚ್ಚುಗೆ ಕುದಿಯುತ್ತದೆ, ಆಕೆ ಶ್ರೇಷ್ಠಳಾದರೆ ಹೆಪ್ಪುಗಟ್ಟುತ್ತದೆ ಎಂದು ಎಲಿಯಟ್ 1856ರಲ್ಲೇ ಕುಟುಕಿದ್ದಳು.

ಕರಡಿನಲ್ಲಿ ‘ಆಪ್ತ’ ಎಂದು ಕಂಡಲ್ಲೆಲ್ಲ ಅಂಚಿನಲ್ಲಿ ‘ಹೇಗೆ?’ ಎಂದು ಬರೆದು ವಿಮರ್ಶಕರಿಗೆ ವಾಪಸ್ ಕಳಿಸಿ. ಉತ್ತಮ ಪುರುಷ ನಿರೂಪಣೆಯಿಂದಲೋ, ಹೇಳದೇ ಉಳಿಸಿದ ಸಂಗತಿಯಿಂದಲೋ, ಅರ್ಧಕ್ಕೆ ತುಂಡಾದ ಮಾತಿನಿಂದಲೋ? ಉತ್ತರ ಹುಡುಕಲು ಅವರು ಕಾದಂಬರಿಯನ್ನು ಮತ್ತೆ ತೆರೆಯಲೇಬೇಕಾಗುತ್ತದೆ.