ಡೇಟಾಬೇಸ್ ಇಲ್ಲದ ಬ್ಲಾಗ್ ನಿಧಾನ ಆಗುತ್ತದಾ?

ಪ್ರಶ್ನೆ: ನನ್ನ ಬರಹಗಳನ್ನೆಲ್ಲ ಟೆಕ್ಸ್ಟ್ ಫೈಲ್ ಮಾಡಿ, ಫೈಲ್‌ಗಳ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್‌ನಲ್ಲಿ ಇಡೋಣ ಅಂತಿದ್ದೇನೆ. ಡೇಟಾಬೇಸ್ ಇಲ್ಲದೆ ಸಾವಿರ ಬರಹ ಆದರೆ ಬ್ಲಾಗ್ ನಿಧಾನ ಆಗುವುದಿಲ್ಲವೇ?

ಆಗುವುದಿಲ್ಲ. ಎಷ್ಟನೇ ಸಲ ಇದನ್ನು ಬರೆಯುತ್ತಿದ್ದೇನೋ ಲೆಕ್ಕ ತಪ್ಪಿದೆ. ಈ ಸಲ ಸ್ವಲ್ಪ ವಿವರವಾಗಿಯೇ ಹೇಳಿಬಿಡುತ್ತೇನೆ.

ಈ ಭಯದ ಹಿಂದೆ ಒಂದು ಚಿತ್ರ ಇರುತ್ತದೆ. ಯಾರೋ ಪುಟ ತೆರೆಯುತ್ತಾರೆ, ಪಾಪ ಸರ್ವರ್ ಸಾವಿರ ಫೈಲ್‌ಗಳನ್ನು ಒಂದೊಂದಾಗಿ ತಡಕಾಡುತ್ತದೆ. ಇನ್ನೊಬ್ಬರು ಬಂದರೆ ಮತ್ತೆ ತಡಕಾಟ. ನಿಜಕ್ಕೂ ಹಾಗೆ ನಡೆಯುತ್ತಿದ್ದರೆ ನಿಮ್ಮ ಭಯ ಸರಿಯೇ. ಆದರೆ ತಡಕಾಟ ನಡೆಯುವುದು ಓದುಗರು ಬಂದಾಗ ಅಲ್ಲ, ನೀವು ಬರೆದಾಗ. ಹೊಸ ಬರಹ ಸೇರಿಸಿ ಬಿಲ್ಡ್ ಮಾಡಿದರೆ, ಅಂದರೆ ಪುಟ ಕಟ್ಟಲು ಹೇಳಿದರೆ, ಜೆಕಿಲ್, ಹ್ಯೂಗೊ ಥರದ ಸಾಫ್ಟ್‌ವೇರ್ ಎಲ್ಲ ಫೈಲ್‌ಗಳನ್ನೂ ಓದಿ ಒಂದೊಂದಕ್ಕೂ ಎಚ್‌ಟಿಎಂಎಲ್ ಪುಟ ಬರೆದಿಡುತ್ತದೆ. ಆಮೇಲೆ ಸರ್ವರ್‌ಗೆ ಉಳಿಯುವುದು ಆ ಪುಟವನ್ನು ಎತ್ತಿ ಕೊಡುವ ಕೆಲಸ. ಅಲ್ಲಿ ಹತ್ತು ಬರಹ ಇದ್ದರೂ ಒಂದೇ, ಹತ್ತು ಸಾವಿರ ಇದ್ದರೂ ಒಂದೇ.

ಈಗ ಡೇಟಾಬೇಸ್ ಇರುವ ಬ್ಲಾಗ್ ನೋಡಿ. ಅಲ್ಲಿ ಪ್ರತಿ ಭೇಟಿಗೂ ಡೇಟಾಬೇಸನ್ನು ಕೇಳಿ, ಪುಟವನ್ನು ಹೊಸದಾಗಿ ಕಟ್ಟಬೇಕು. ಜನ ಜಾಸ್ತಿ ಬಂದರೆ ಏದುಸಿರು. ಅದಕ್ಕೇ ವರ್ಡ್‌ಪ್ರೆಸ್ ಬಳಸುವವರು ಕ್ಯಾಶ್ ಪ್ಲಗಿನ್ ಹಾಕಿಕೊಳ್ಳುತ್ತಾರೆ. ಅಂಥ ಎಷ್ಟೋ ಪ್ಲಗಿನ್‌ಗಳು ಮಾಡುವುದೇನು ಗೊತ್ತಾ? ಒಮ್ಮೆ ಕಟ್ಟಿದ ಪುಟವನ್ನು ಎಚ್‌ಟಿಎಂಎಲ್ ಫೈಲ್ ಮಾಡಿ ಇಟ್ಟುಕೊಳ್ಳುವುದು! ನಾವು ಹೊರಟ ಜಾಗಕ್ಕೇ ಅವರು ಸುತ್ತಿ ಬಳಸಿ ಬಂದು ಸೇರುತ್ತಾರೆ.

"ಹಾಗಾದರೆ ಟ್ಯಾಗ್, ತಿಂಗಳವಾರು ಪಟ್ಟಿ?" ಅದೂ ಬಿಲ್ಡ್ ಹೊತ್ತಿನಲ್ಲೇ ಆಗುತ್ತದೆ. ಪ್ರತಿ ಫೈಲ್‌ನ ತಲೆಯಲ್ಲಿ ಶೀರ್ಷಿಕೆ, ದಿನಾಂಕ, ಟ್ಯಾಗ್ ಬರೆದಿರುತ್ತೀರಲ್ಲ, ಅದನ್ನು ನೋಡಿ ಪಟ್ಟಿ ತಯಾರಾಗುತ್ತದೆ. ಹುಡುಕಾಟಕ್ಕೆ ಒಂದು ಸೂಚಿ ಫೈಲ್ ಮಾಡಿಟ್ಟರೆ ಓದುಗರ ಬ್ರೌಸರೇ ಅದರಲ್ಲಿ ಹುಡುಕಿಕೊಳ್ಳುತ್ತದೆ.

ಗಿಟ್ ಸುಸ್ತಾಗುತ್ತದೆ ಅನ್ನುವವರೂ ಇದ್ದಾರೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದದ್ದೇ ಲಿನಕ್ಸ್ ಕರ್ನಲ್‌ಗಾಗಿ, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಿಗಾಗಿ. ಅದರಲ್ಲಿ ಇವತ್ತು ಹತ್ತು ಲಕ್ಷಕ್ಕೂ ಜಾಸ್ತಿ ಕಮಿಟ್‌ಗಳಿವೆ, ಅಂದರೆ ದಾಖಲಾದ ಬದಲಾವಣೆಗಳಿವೆ. ನಿಮ್ಮ ಸಾವಿರ ಬರಹ ಅದಕ್ಕೆ ಯಾವ ಲೆಕ್ಕ?

ತೊಂದರೆಯೇ ಇಲ್ಲ ಅಂತ ಹೇಳುತ್ತಿಲ್ಲ. ಫೋಟೊ, ವಿಡಿಯೊಗಳನ್ನು ಗಿಟ್‌ಗೆ ತುರುಕಿದರೆ ಅದು ಊದಿಕೊಳ್ಳುತ್ತದೆ. ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ ಹಾಗೇ ಉಳಿದಿರುತ್ತವೆ. ಕಾಮೆಂಟ್‌ಗೆ ಬೇರೆ ಏರ್ಪಾಡು ಬೇಕು. ಮುಂದಿನ ವಾರದ ದಿನಾಂಕ ಹಾಕಿಟ್ಟ ಬರಹ ತಾನಾಗೇ ಹೊರಬರುವುದೂ ಇಲ್ಲ, ಆ ದಿನ ಯಾರಾದರೂ ಬಿಲ್ಡ್ ಮಾಡಬೇಕು. ಕೇಳುವುದಾದರೆ ಇಂಥದ್ದನ್ನು ಕೇಳಿ, ಖುಷಿಯಿಂದ ಉತ್ತರಿಸುತ್ತೇನೆ.

ದಿನಾಂಕ ಅಂದಾಗ ನೆನಪಾಯಿತು. ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಈ ವ್ಯವಸ್ಥೆಯ ಚೆಂದ ಇರುವುದು ಬಿಡಿಬಿಡಿಯಾಗಿ ಇರುವುದರಲ್ಲಿ. ಬರಹ ಒಂದು ಕಡೆ, ವಿನ್ಯಾಸ ಒಂದು ಕಡೆ, ಪುಟ ಕಟ್ಟುವ ಸಾಫ್ಟ್‌ವೇರ್ ಇನ್ನೊಂದು ಕಡೆ. ಅದೇ ಹುಮ್ಮಸ್ಸಿನಲ್ಲಿ ಪುಟ ಕಟ್ಟುವ ಭಾಗವನ್ನು ನಾನೇ ಒಂದು ಚಿಕ್ಕ ಸ್ಕ್ರಿಪ್ಟ್‌ನಲ್ಲಿ ಬರೆದುಕೊಂಡಿದ್ದೆ. ದಿನಾಂಕವನ್ನು ಯಾರು ಟೈಪ್ ಮಾಡುತ್ತಾರೆ ಎಂಬ ಸೋಮಾರಿತನ ಬೇರೆ. ಫೈಲ್ ಕೊನೆಯದಾಗಿ ಬದಲಾದ ಹೊತ್ತನ್ನೇ ಬರಹದ ದಿನಾಂಕ ಮಾಡಿದ್ದೆ. ಕಂಪ್ಯೂಟರ್ ಬದಲಾಯಿಸಿ, ಗಿಟ್‌ನಿಂದ ಎಲ್ಲವನ್ನೂ ಕ್ಲೋನ್ ಮಾಡಿದೆ, ಅಂದರೆ ನಕಲು ಇಳಿಸಿಕೊಂಡೆ. ಬಿಲ್ಡ್ ಮಾಡಿ ನೋಡಿದರೆ ವರ್ಷಗಟ್ಟಲೆ ಬರೆದದ್ದೆಲ್ಲ ಒಂದೇ ಮಧ್ಯಾಹ್ನ ಬರೆದ ಹಾಗೆ ಕೂತಿತ್ತು! ಗಿಟ್ ಕಮಿಟ್ ಮಾಡಿದ ಹೊತ್ತನ್ನು ಇಟ್ಟುಕೊಳ್ಳುತ್ತದೆ. ಫೈಲ್ ಬದಲಾದ ಹೊತ್ತನ್ನು ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಕ್ಲೋನ್ ಮಾಡಿದ ಹೊತ್ತೇ ಎಲ್ಲ ಫೈಲ್‌ಗೂ ಬಿದ್ದಿತ್ತು. ಪುಣ್ಯಕ್ಕೆ ಕಮಿಟ್‌ಗಳಿದ್ದವು, ಗಿಟ್ ಲಾಗ್ (ಕಮಿಟ್‌ಗಳ ಪಟ್ಟಿ) ನೋಡಿ ಒಂದೊಂದಾಗಿ ದಿನಾಂಕ ತುಂಬಿಸಿದೆ. ನೀವು ಮೊದಲೇ ಫೈಲ್‌ನ ತಲೆಯಲ್ಲಿ ಬರೆದುಬಿಡಿ. ಜೆಕಿಲ್ ಆದರೆ ಫೈಲ್‌ನ ಹೆಸರಲ್ಲೇ ದಿನಾಂಕ ಕೇಳುತ್ತದೆ. ಕಿರಿಕಿರಿ ಅನಿಸಿದರೂ ಒಳ್ಳೆಯದಕ್ಕೇ.

ಫೈಲ್‌ಗೆ ಕನ್ನಡದಲ್ಲೇ ಹೆಸರಿಟ್ಟರೆ? ಇಡಿ, ಏನೂ ಆಗುವುದಿಲ್ಲ. ಯಾವ ಫೈಲ್ ಬದಲಾಗಿದೆ ಅಂತ ನೋಡಲು ಗಿಟ್ ಸ್ಟೇಟಸ್ ಆಜ್ಞೆ ಕೊಟ್ಟಾಗ ಹೆಸರಿನ ಜಾಗದಲ್ಲಿ \340\262\225 ಥರ ಅಂಕಿ ಕಂಡರೆ ಫೈಲ್ ಕೆಟ್ಟಿತು ಅಂತ ಗಾಬರಿಯಾಗಬೇಡಿ. ಅದು ಸುಮ್ನೆ "ಕ" ಅಕ್ಷರ, ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಅದಕ್ಕೆ ಮೂರು ಬೈಟ್. ಕೋರ್.ಕೋಟ್‌ಪಾತ್ (core.quotepath) ಎಂಬ ಗಿಟ್ ಸೆಟ್ಟಿಂಗನ್ನು ಫಾಲ್ಸ್ (false) ಮಾಡಿದರೆ ಕನ್ನಡವೇ ಕಾಣುತ್ತದೆ.